ಪೆಟ್ಟಿಗೆ ಬಿಚ್ಚುವ ಮುನ್ನ



ಮನೆಯ ಕಂಪ್ಯೂಟರ್ ಕೆಟ್ಟಾಗ ಅಪ್ಪ ಅಮ್ಮ ಮೊದಲು ಕರೆಯುವುದು ನಿಮ್ಮನ್ನೇ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ನೀವು ಈ ಯಂತ್ರದ ಒಳಹೊರಗನ್ನು ನನಗಿಂತ ಚೆನ್ನಾಗಿ ಬಲ್ಲಿರಿ. ಆದರೂ ನಾಲ್ಕು ಮಾತು ಹೇಳಬೇಕೆನಿಸಿದೆ. ಏಕೆಂದರೆ ನಾನು ಪೆಟ್ಟು ತಿಂದವನು.

ಕೆಲವು ವರ್ಷಗಳ ಹಿಂದೆ, ಮಳೆಗಾಲದಲ್ಲಿ, ನಮ್ಮ ಮನೆಯ ಕಂಪ್ಯೂಟರ್ ಇದ್ದಕ್ಕಿದ್ದಂತೆ ನಿಂತುಹೋಯಿತು. ಉಪನಗರದ ಒಂದು ಅಂಗಡಿಗೆ ಒಯ್ದೆ. ಅಂಗಡಿಯಾತ ನನ್ನ ಹೆಸರು ಕೇಳಿದವನೇ ಕನ್ನಡಕ್ಕೆ ಇಳಿದ. ಊರು ಯಾವುದು, ಮನೆ ಎಲ್ಲಿ ಎಂದು ವಿಚಾರಿಸಿ, "ನೀವು ನಮ್ಮವರೇ ಅಲ್ಲವೇ, ಬಿಟ್ಟು ಹೋಗಿ ಸಾರ್" ಎಂದ. ಚೀಟಿ ಕೇಳಲು ನನಗೆ ಸಂಕೋಚವಾಯಿತು. ನಾಲ್ಕು ದಿನದ ಮೇಲೆ "ಮದರ್‌ಬೋರ್ಡ್ ಹೋಗಿತ್ತು, ಬದಲಿಸಿದ್ದೇನೆ" ಎಂದು ಆರು ಸಾವಿರ ರೂಪಾಯಿ ಪಡೆದ. ಮನೆಗೆ ತಂದು ನೋಡಿದರೆ ಹಾರ್ಡ್ ಡಿಸ್ಕಿನಲ್ಲಿ ಇದ್ದುದೆಲ್ಲ ಅಳಿಸಿಹೋಗಿತ್ತು. ತೀರಿಕೊಂಡ ನನ್ನ ತಾಯಿ ಹಾಡಿದ್ದ ಶೋಭಾನೆ ಪದಗಳೂ ಅದರಲ್ಲೇ ಇದ್ದವು. ಬೇರೆ ಪ್ರತಿ ಇರಲಿಲ್ಲ.

ಆಮೇಲೆ ಇನ್ನೊಬ್ಬ ಹುಡುಗನಿಗೆ ತೋರಿಸಿದೆ. ಅವನಿಗೆ ಕನ್ನಡದ ಒಂದಕ್ಷರವೂ ಬಾರದು. ನನ್ನೆದುರೇ ಪೆಟ್ಟಿಗೆ ಬಿಚ್ಚಿದ. ಮದರ್‌ಬೋರ್ಡ್ ಹಳೆಯದೇ, ಅದರ ಮೇಲಿನ ಧೂಳು ಕೂಡ ಹಳೆಯದೇ. ಎರಡು ರ‍್ಯಾಮ್ ಪಟ್ಟಿಗಳಲ್ಲಿ ಒಂದು ಮಾಯ! ಹೊಸದಾಗಿ ವಿಂಡೋಸ್ ಹಾಕಿದ್ದರಿಂದ ಹಾಡುಗಳನ್ನು ಮರಳಿ ತೆಗೆಯಲು ಅವನಿಂದಲೂ ಆಗಲಿಲ್ಲ. "ಕೆಲಸ ಆಗಲಿಲ್ಲವಲ್ಲ" ಎಂದು ಹಣವನ್ನೂ ಮುಟ್ಟಲಿಲ್ಲ. ಮೊದಲಿನವನನ್ನು ಕೇಳಲು ಹೋದರೆ ನನ್ನ ಕೈಯಲ್ಲಿ ರಸೀದಿಯೇ ಇಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ!

ನಮ್ಮ ಹಿರಿಯರು ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಓದಿ, 'ನಮ್ಮವರು' ಎಂಬ ನಂಬಿಕೆಯ ಬಲದಿಂದ ಈ ನಗರದಲ್ಲಿ ನೆಲೆ ಕಂಡರು. ಆ ನಂಬಿಕೆ ದೊಡ್ಡದು. ಆದರೆ ಗಲ್ಲಾಪೆಟ್ಟಿಗೆಯ ಲೆಕ್ಕವನ್ನು ಅವರೂ ಬರೆದೇ ಇಡುತ್ತಿದ್ದರು. ನಂಬಿಕೆ ಬೇರೆ, ಲೆಕ್ಕ ಬೇರೆ.

ಸಣ್ಣ ರೋಗ, ದೊಡ್ಡ ಬಿಲ್ಲು

ಮುಂಬಯಿಯ ತೇವದ ಗಾಳಿಗೆ ರ‍್ಯಾಮ್ ಪಟ್ಟಿಯ ತುದಿಗೆ ಮಂಕು ಹಿಡಿದರೆ ಸಾಕು, ಕಂಪ್ಯೂಟರ್ ಏಳುವುದಿಲ್ಲ. ಎಷ್ಟೋ ಸಲ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಒರೆಸಿದರೆ ಸರಿಹೋಗುತ್ತದೆ. ಫ್ಯಾನಿಗೆ ಧೂಳು ತುಂಬಿದರೆ ಬಿಸಿಯಾಗಿ ತಾನೇ ಆರಿಹೋಗುತ್ತದೆ. ದಿನಾಂಕ ಪದೇ ಪದೇ ತಪ್ಪುತ್ತಿದ್ದರೆ ಒಳಗಿನ ನಾಣ್ಯದಂಥ ಬ್ಯಾಟರಿ ಮುಗಿದಿರಬಹುದು. ಇಂಥ ಲಕ್ಷಣಗಳಿಗೆ, ಬಿಚ್ಚಿ ನೋಡುವ ಮೊದಲೇ "ಮದರ್‌ಬೋರ್ಡ್ ಹೋಯಿತು" ಎನ್ನುವವನಿದ್ದರೆ, ಇನ್ನೊಬ್ಬರನ್ನು ಕೇಳಿ. ಗ್ರ್ಯಾಂಟ್ ರೋಡ್ ಸ್ಟೇಷನ್ನಿಗೆ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ, ಅಂದರೆ ಡಾ. ಭಡಕಮ್ಕರ್ ಮಾರ್ಗದಲ್ಲಿ, ಅಂಗಡಿಗಳು ಸಾಲಾಗಿವೆ. ಎರಡು ಮೂರು ಕಡೆ ದರ ವಿಚಾರಿಸಲು ಅರ್ಧ ಗಂಟೆ ಸಾಕು. ವಾರಂಟಿ ಇದ್ದರೆ ಮೊದಲು ಕಂಪನಿಯ ಸೇವಾ ಕೇಂದ್ರಕ್ಕೇ ಹೋಗಿ.

ಪ್ರಾಮಾಣಿಕನ ಲಕ್ಷಣ

ಪ್ರಾಮಾಣಿಕನು ನಿಮ್ಮೆದುರು ಬಿಚ್ಚಲು ಹಿಂಜರಿಯುವುದಿಲ್ಲ. ಕೆಲಸಕ್ಕೆ ಮೊದಲೇ ದರ ಹೇಳುತ್ತಾನೆ. ತೆಗೆದ ಹಳೆಯ ಭಾಗವನ್ನು ಹಿಂದಿರುಗಿಸುತ್ತಾನೆ. ಬಿಲ್ಲು ಕೊಡುತ್ತಾನೆ. "ಬಿಲ್ಲು ಬೇಡವೆಂದರೆ ಕಡಿಮೆಗೆ ಕೊಡುತ್ತೇನೆ" ಎಂಬ ಮಾತಿಗೆ ಮರುಳಾಗಬೇಡಿ. ನಾಳೆ ಜಗಳವಾದರೆ ಆ ಕಾಗದವೇ ನಿಮ್ಮ ಸಾಕ್ಷಿ. ಯಂತ್ರವನ್ನು ಬಿಟ್ಟು ಬರಲೇಬೇಕಾದರೆ ಸೀರಿಯಲ್ ನಂಬರು, ರ‍್ಯಾಮ್ ಮತ್ತು ಡಿಸ್ಕಿನ ಗಾತ್ರವನ್ನು ಚೀಟಿಯಲ್ಲಿ ಬರೆಸಿ, ಫೋಟೋ ತೆಗೆದುಕೊಳ್ಳಿ.

ಫ್ಯಾನು ಬದಲಿಸುವವನಿಗೆ ನಿಮ್ಮ ಪಾಸ್‌ವರ್ಡ್ ಬೇಕಿಲ್ಲ. ಹಾಂಗ್‌ಕಾಂಗಿನ ನಟ ಎಡಿಸನ್ ಚೆನ್ ರಿಪೇರಿಗೆ ಕೊಟ್ಟಿದ್ದ ಕಂಪ್ಯೂಟರಿನಿಂದ ಕದ್ದ ಖಾಸಗಿ ಚಿತ್ರಗಳು 2008ರಲ್ಲಿ ಜಗತ್ತಿಗೆಲ್ಲ ಹರಡಿದವು. ತಂತ್ರಜ್ಞ ಜೈಲಿಗೆ ಹೋದ. ಹೋದ ಮಾನ ಮಾತ್ರ ಮರಳಲಿಲ್ಲ.

ಮುಖ ಕಾಣದ ಕಳ್ಳ

ಪರದೆಯ ಮೇಲೆ "ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ" ಎಂದು ಕಂಡರೆ ಅದು ಮೋಸವೆಂದೇ ತಿಳಿಯಿರಿ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರು ಕೊಡುವುದಿಲ್ಲ. ಇಂಥ ಕಳ್ಳರು ದೂರದಲ್ಲೆಲ್ಲೋ ಇದ್ದಾರೆಂದು ಭಾವಿಸಬೇಡಿ. 2016ರ ಅಕ್ಟೋಬರಿನಲ್ಲಿ ಥಾಣೆ ಪೊಲೀಸರು ಮೀರಾ ರೋಡಿನ ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿದಾಗ, ತೆರಿಗೆ ಅಧಿಕಾರಿಗಳೆಂದು ಹೇಳಿಕೊಂಡು ಅಮೆರಿಕದವರನ್ನು ಹೆದರಿಸಿ ಸುಲಿಯುತ್ತಿದ್ದವರು ಸಿಕ್ಕಿಬಿದ್ದರು. ಅಲ್ಲಿ ಹಣ ಕಳೆದುಕೊಂಡವರೂ ಯಾರದೋ ಅಪ್ಪ ಅಮ್ಮಂದಿರೇ. ಆದ್ದರಿಂದ ನಿಮ್ಮ ಮನೆಯ ಹಿರಿಯರಿಗೆ ಒಂದೇ ಮಾತು ಹೇಳಿಡಿ: "ಏನು ಕಂಡರೂ ಮೊದಲು ನನಗೆ ಫೋನ್ ಮಾಡಿ."

ಹಣ ಹೋಗಿಯೇಬಿಟ್ಟರೆ ನಾಚಿಕೆಯಿಂದ ಕೂರಬೇಡಿ. ಸೈಬರ್ ವಂಚನೆಗೆ 1930ಕ್ಕೆ ಕೂಡಲೇ ಫೋನ್ ಮಾಡಿ. ತಡವಾದಷ್ಟೂ ಹಣ ಕೈಗೆಟುಕುವುದಿಲ್ಲ. ಅಂಗಡಿಯ ಮೋಸಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ.

ಕೊನೆಗೆ ಒಂದು ಬಿನ್ನಹ. ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು, ಮನೆಯ ಫೋಟೋ, ಹಾಡು, ಕಾಗದಪತ್ರಗಳ ಎರಡು ಪ್ರತಿ ಮಾಡಿ. ಒಂದು ನಿಮ್ಮಲ್ಲಿರಲಿ, ಇನ್ನೊಂದನ್ನು ಅಕ್ಕನ ಮನೆಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ಇಡಿ. ಅಜ್ಜಿ ಇದ್ದರೆ ಅವರಿಂದ ಒಂದು ಹಾಡು ಹೇಳಿಸಿ, ಅದನ್ನೂ ಸೇರಿಸಿ. ರ‍್ಯಾಮ್ ಪಟ್ಟಿಯನ್ನು ನಾನು ಮತ್ತೆ ಕೊಂಡೆ. ತಾಯಿಯ ದನಿಯನ್ನು ಯಾವ ಅಂಗಡಿಯಲ್ಲಿ ಕೊಳ್ಳಲಿ?