ಹಳೆಯ ಗ್ರಾಫಿಕ್ಸ್ ಕಾರ್ಡ್: ಬದಲಿಸುವುದೋ, ಜೋಡಿ ಮಾಡುವುದೋ?

ದೊಡ್ಡಬಳ್ಳಾಪುರ: ಮದುವೆಯ ಕಾಲ ಬಂತೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ವಿಡಿಯೊ ಸ್ಟುಡಿಯೊಗಳಲ್ಲಿ ಗಣಕಗಳಿಗೆ ಬಿಡುವೆಂಬುದಿಲ್ಲ. ಮೂರು ಕ್ಯಾಮೆರಾಗಳಲ್ಲಿ 4ಕೆ ಗುಣಮಟ್ಟದಲ್ಲಿ ಸೆರೆಹಿಡಿದ ಧಾರೆ, ಆರತಕ್ಷತೆಗಳ ದೃಶ್ಯವನ್ನು ಸಂಕಲನಕ್ಕೆ ಕೂರಿಸಿದಾಗ, ಏಳೆಂಟು ವರ್ಷದ ಹಿಂದೆ ಕೊಂಡ ಗ್ರಾಫಿಕ್ಸ್ ಕಾರ್ಡ್ ತಡವರಿಸತೊಡಗುತ್ತದೆ. ಆಲ್ಬಂ ಕೊಡುವ ದಿನ ಹತ್ತಿರವಾಗಿರುತ್ತದೆ, ಉಳಿದ ಹಣ ಬರುವುದೂ ಆ ದಿನವೇ. ಹಳೆಯ ಕಾರ್ಡನ್ನು ತೆಗೆದು ಹೊಸದನ್ನು ಹಾಕುವುದೇ, ಅಥವಾ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಅದೇ ಮಾದರಿಯ ಇನ್ನೊಂದನ್ನು ಅಗ್ಗದ ದರಕ್ಕೆ ತಂದು ಪಕ್ಕದಲ್ಲೇ ಕೂರಿಸುವುದೇ ಎಂಬ ಪ್ರಶ್ನೆ ಏಳುವುದು ಆಗ.

ನೇಯ್ಗೆಯ ಊರಿನಲ್ಲಿ ಎರಡನೆಯ ಆಲೋಚನೆ ಮೊದಲು ಬರುವುದು ಸಹಜ. ಒಂದು ವಿದ್ಯುತ್ ಮಗ್ಗದ ಪಕ್ಕ ಮತ್ತೊಂದನ್ನು ಹೂಡಿದರೆ ದಿನಕ್ಕೆ ಇಳಿಯುವ ಬಟ್ಟೆ ಇಮ್ಮಡಿಯಾಗುತ್ತದೆ. ಆದರೆ ಎರಡು ಮಗ್ಗಗಳು ಎರಡು ಸೀರೆಗಳನ್ನು ನೇಯುತ್ತವೆಯೇ ಹೊರತು ಒಂದೇ ಸೀರೆಯನ್ನು ಅರ್ಧ ಸಮಯದಲ್ಲಿ ನೇಯುವುದಿಲ್ಲ. ಜೋಡಿ ಕಾರ್ಡ್‌ಗಳ ತೊಡಕೂ ಇದೇ.

ಒಂದೇ ಸೀರೆಯನ್ನು ಎರಡು ಮಗ್ಗಗಳಿಂದ ನೇಯಿಸುವ ಸಾಹಸವನ್ನು ಗಣಕ ಲೋಕ ಮಾಡಿ ನೋಡಿದೆ. 1998ರಲ್ಲಿ 3ಡಿಎಫ್ಎಕ್ಸ್ ಸಂಸ್ಥೆಯ ವೂಡೂ2 ಕಾರ್ಡ್‌ಗಳನ್ನು ಜೋಡಿಸಿದಾಗ ತೆರೆಯ ಒಂದು ಸಾಲನ್ನು ಒಂದು ಕಾರ್ಡ್, ಮುಂದಿನ ಸಾಲನ್ನು ಇನ್ನೊಂದು ಕಾರ್ಡ್ ಬಿಡಿಸುತ್ತಿತ್ತು. 2004ರಲ್ಲಿ ಎನ್ವಿಡಿಯಾ ಎಸ್ಎಲ್ಐ ಹೆಸರಿನಲ್ಲಿ, 2005ರಲ್ಲಿ ಎಟಿಐ ಕ್ರಾಸ್‌ಫೈರ್ ಹೆಸರಿನಲ್ಲಿ ಇದನ್ನೇ ಬೇರೆ ರೀತಿಯಲ್ಲಿ ಮುಂದುವರಿಸಿದವು. ಮುಖ್ಯವಾಗಿ ಬಳಕೆಯಾದ ವಿಧಾನದಲ್ಲಿ ಒಂದು ಚಿತ್ರ ಈ ಕಾರ್ಡಿನದು, ಮರುಚಿತ್ರ ಆ ಕಾರ್ಡಿನದು. ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ ಏರಿತೇನೋ ನಿಜ. ಆದರೆ ಚಿತ್ರಗಳ ನಡುವಿನ ಅಂತರ ಒಂದೇ ಸಮನಾಗಿ ಇರದ ಕಾರಣ ಕಣ್ಣಿಗೆ ಕುಲುಕಾಟ ಕಾಣುತ್ತಿತ್ತು. ಅಂಕಿಗಳಲ್ಲಿ ವೇಗ, ತೆರೆಯ ಮೇಲೆ ಮುಗ್ಗರಿಕೆ!

ಕೊಳ್ಳುವವರು ಹೆಚ್ಚಾಗಿ ಎಡವುವುದು ಮೆಮೊರಿಯ ಲೆಕ್ಕದಲ್ಲಿ. 4 ಜಿಬಿ ಮೆಮೊರಿಯ ಎರಡು ಕಾರ್ಡ್‌ಗಳು ಎಸ್ಎಲ್ಐನಲ್ಲಿ 8 ಜಿಬಿ ಆಗುವುದಿಲ್ಲ. ಜಕಾರ್ಡ್ ಮಗ್ಗ ಎರಡಿದ್ದು ಸೀರೆಯ ವಿನ್ಯಾಸ ಒಂದೇ ಆಗಿದ್ದರೂ ರಂಧ್ರ ಕೊರೆದ ಕಾರ್ಡ್‌ಗಳ ಪೂರ್ತಿ ಕಟ್ಟು ಪ್ರತಿ ಮಗ್ಗಕ್ಕೂ ಬೇರೆಯಾಗಿ ಬೇಕಷ್ಟೆ. ಅಂತೆಯೇ ಒಂದೇ ದತ್ತಾಂಶ ಎರಡೂ ಕಾರ್ಡ್‌ಗಳಲ್ಲಿ ಪೂರ್ತಿಯಾಗಿ ಕೂರುತ್ತದೆ. ಹಳೆಯ ಕಾರ್ಡಿನ ತೊಂದರೆ ಮೆಮೊರಿಯ ಕೊರತೆಯಾಗಿದ್ದರೆ, ಜೋಡಿ ತಂದರೂ ಕೊರತೆ ಹಾಗೆಯೇ ಉಳಿಯುತ್ತದೆ.

ಈಗಂತೂ ಈ ದಾರಿ ಬಹುಪಾಲು ಮುಚ್ಚಿದೆ. 2016ರ ಜಿಟಿಎಕ್ಸ್ 1060ರಲ್ಲೇ ಎಸ್ಎಲ್ಐ ಸೇತುವೆ ಕೂರಿಸುವ ಜಾಗವಿರಲಿಲ್ಲ. 2021ರ ಜನವರಿ 1ರಿಂದ ಎನ್ವಿಡಿಯಾ ಹಳೆಯ ಕಾರ್ಡ್‌ಗಳಿಗೆ ಹೊಸ ಎಸ್ಎಲ್ಐ ಪ್ರೊಫೈಲ್ ಸೇರಿಸುವುದನ್ನು ನಿಲ್ಲಿಸಿತು. 2022ರ ಆರ್‌ಟಿಎಕ್ಸ್ 4090ರಲ್ಲಿ ಜೋಡಣೆಯ ಕಿಂಡಿಯೇ ಇಲ್ಲ. ಇದಕ್ಕಿಂತ ಗಂಭೀರವಾದುದು ಇನ್ನೊಂದಿದೆ. ಜಿಟಿಎಕ್ಸ್ 900 ಮತ್ತು 1000 ಸರಣಿಯ ಕಾರ್ಡ್‌ಗಳಿಗೆ ಹೊಸ ಆಟಗಳಿಗೆ ಹೊಂದಿಸಿದ ಚಾಲಕ ತಂತ್ರಾಂಶ ಒದಗಿಸುವುದನ್ನು ಎನ್ವಿಡಿಯಾ 2025ರ ಅಕ್ಟೋಬರ್‌ಗೆ ಕೊನೆಗೊಳಿಸಿತು. ಆನಂತರ 2028ರ ಅಕ್ಟೋಬರ್‌ವರೆಗೆ ಅವಕ್ಕೆ ಭದ್ರತಾ ಪರಿಷ್ಕರಣೆಗಳಷ್ಟೇ. ಅಂತಹ ಕಾರ್ಡಿಗೆ ಜೊತೆ ಹುಡುಕುವುದೆಂದರೆ ಮುದಿ ಎತ್ತಿಗೆ ಮತ್ತೊಂದು ಮುದಿ ಎತ್ತನ್ನು ಜೋಡಿ ಕಟ್ಟಿದಂತೆ.

ಹಾಗೆಂದು ಎರಡು ಕಾರ್ಡ್‌ಗಳು ಎಲ್ಲಿಯೂ ಕೆಲಸಕ್ಕೆ ಬಾರವೆಂದಲ್ಲ. ಬ್ಲೆಂಡರ್‌ನಂತಹ ತ್ರಿಆಯಾಮ ತಂತ್ರಾಂಶದಲ್ಲಿ ಚಿತ್ರ ತಯಾರಿಸುವಾಗ ಎರಡೂ ಕಾರ್ಡ್‌ಗಳು ಸೇತುವೆಯ ಹಂಗಿಲ್ಲದೆ ದುಡಿಯುತ್ತವೆ, ವೇಗ ಇಮ್ಮಡಿಯ ಸನಿಹಕ್ಕೆ ಬರುತ್ತದೆ. ಇದು ಎರಡು ಮಗ್ಗ, ಎರಡು ಸೀರೆಯ ಲೆಕ್ಕ. ದೊಡ್ಡ ಭಾಷಾ ಮಾದರಿಗಳನ್ನು ಸ್ವಂತ ಗಣಕದಲ್ಲಿ ನಡೆಸುವವರಿಗೆ ಲಾಭ ಇನ್ನೂ ಹೆಚ್ಚು. ಮಾದರಿಯ ಪದರಗಳನ್ನು ಎರಡು ಕಾರ್ಡ್‌ಗಳಿಗೆ ಹಂಚಬಹುದಾದ್ದರಿಂದ ಇಲ್ಲಿ ಮಾತ್ರ ಮೆಮೊರಿ ನಿಜಕ್ಕೂ ಕೂಡುತ್ತದೆ. 2021ರಲ್ಲಿ ಬಂದ 12 ಜಿಬಿಯ ಆರ್‌ಟಿಎಕ್ಸ್ 3060 ಇರುವವರು ಮತ್ತೊಂದನ್ನು ಕೊಳ್ಳುವುದರಲ್ಲಿ ಅರ್ಥವಿದೆ.

ಮದುವೆ ವಿಡಿಯೊದವರ ಲೆಕ್ಕವೇ ಬೇರೆ. ಈ ವೃತ್ತಿಯಲ್ಲಿ ಬಳಕೆಯಲ್ಲಿರುವ ಎಡಿಯಸ್ ತಂತ್ರಾಂಶ ಹೆಚ್ಚಿನ ಭಾರವನ್ನು ಹಾಕುವುದು ಪ್ರೊಸೆಸರ್ ಮೇಲೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ವಿಂಡೋಸ್‌ನಲ್ಲಿ ಸಂಸ್ಕರಣೆಗೆ ಒಂದೇ ಕಾರ್ಡನ್ನು ಬಳಸುತ್ತದೆ, ಎರಡನೆಯದು ಸುಮ್ಮನೆ ಕೂರುತ್ತದೆ. ಹೊಸ ಕ್ಯಾಮೆರಾಗಳ 10 ಬಿಟ್ 4:2:2 ಎಚ್.265 ಕಡತಗಳು ತಡವರಿಸುತ್ತಿದ್ದರೆ ಬಹುಮಟ್ಟಿಗೆ ಕಾರಣ ಕಾರ್ಡಿನ ಶಕ್ತಿಯಲ್ಲ. ಆ ಬಗೆಯನ್ನು ಬಿಡಿಸುವ ಯಂತ್ರಾಂಶ ಎನ್ವಿಡಿಯಾದ ಗ್ರಾಹಕ ಕಾರ್ಡ್‌ಗಳಿಗೆ ಬಂದದ್ದೇ 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಇಂಟೆಲ್‌ನ 11ನೇ ಪೀಳಿಗೆಯ ನಂತರದ, ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್‌ಗಳಲ್ಲಿ ಅದು ಮೊದಲೇ ಇತ್ತು. ಆದ್ದರಿಂದ ಅಂಗಡಿಗೆ ಹೊರಡುವ ಮುನ್ನ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ಕೆಲಸ ನಿಧಾನವಾದ ಹೊತ್ತಿನಲ್ಲಿ ದಣಿಯುತ್ತಿರುವುದು ಪ್ರೊಸೆಸರೋ, ಕಾರ್ಡೋ, ಕಾರ್ಡಿನ ಮೆಮೊರಿಯೋ ಎಂದು ನೋಡುವುದು ಒಳಿತು. ಸಾವಿರಾರು ರೂಪಾಯಿಯ ಪ್ರಶ್ನೆಗೆ ಐದು ನಿಮಿಷದ ಪರೀಕ್ಷೆ ಇದು. ಪ್ರೊಸೆಸರ್ ದಣಿದಿದ್ದರೆ ಕಾರ್ಡ್ ಬದಲಿಸಿಯೂ ಫಲವಿಲ್ಲ.

ಇನ್ನು ವಿದ್ಯುತ್ತು. ಜಿಟಿಎಕ್ಸ್ 970 ಒಂದಕ್ಕೆ 145 ವಾಟ್ ಬೇಕು, ಜೋಡಿಗೆ 290. ಸಣ್ಣ ಕಚೇರಿಗಳಲ್ಲಿ ಸಾಮಾನ್ಯವಾದ 600 ವಿಎ ಯುಪಿಎಸ್ ತಾಳುವುದೇ ಸುಮಾರು 360 ವಾಟ್. ಪ್ರೊಸೆಸರ್, ಮಾನಿಟರ್ ಸೇರಿದರೆ ಆ ಮಿತಿ ಮೀರುತ್ತದೆ. ಬೆಸ್ಕಾಂ ವಿದ್ಯುತ್ ಒಂದು ಕ್ಷಣ ಹೋಗಿ ಬಂದರೂ ಸಾಕು, ಗಂಟೆಗಳ ರೆಂಡರ್ ಮಣ್ಣುಪಾಲು. ಎರಡನೆಯ ಕಾರ್ಡ್ ದಿನಕ್ಕೆ ಆರು ಗಂಟೆ ಪೂರ್ಣ ಶಕ್ತಿಯಲ್ಲಿ ದುಡಿದರೆ ತಿಂಗಳಿಗೆ 26 ಯೂನಿಟ್ ಹೆಚ್ಚುವರಿ. ಇದಕ್ಕೆ ಪ್ರತಿಯಾಗಿ 2023ರ ಆರ್‌ಟಿಎಕ್ಸ್ 4060 ಬಯಸುವುದು 115 ವಾಟ್, ಅಂದರೆ 120 ವಾಟ್‌ನ ಹಳೆಯ 1060ಕ್ಕಿಂತಲೂ ಕಡಿಮೆ. ಕೆಲಸ ಮಾತ್ರ ಎರಡು ಪಟ್ಟು. ಎಸ್.ಎಂ.ಪಿ.ಎಸ್. ಬದಲಿಸುವ ಖರ್ಚೂ ಬಹುತೇಕ ಉಳಿಯುತ್ತದೆ.

ಬೆಲೆ ಇಳಿಯಲೆಂದು ಕಾಯುವವರ ನಿರೀಕ್ಷೆ 2025ರ ಕೊನೆಯಲ್ಲಿ ಮೆಮೊರಿ ಚಿಪ್‌ಗಳ ದರ ಏರಿದಾಗ ಹುಸಿಯಾಯಿತು. ಬಳಸಿದ ಕಾರ್ಡ್‌ಗಳ ಪೇಟೆಯಲ್ಲೂ ಎಚ್ಚರ ಬೇಕು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ನಾಣ್ಯದ ಗಣಿಗಾರಿಕೆ ಪದ್ಧತಿ ಬದಲಾದ ಮೇಲೆ, ಹಗಲಿರುಳು ದುಡಿದ ಕಾರ್ಡ್‌ಗಳು ರಾಶಿಯಾಗಿ ಮಾರಾಟಕ್ಕೆ ಬಂದವು. ಮೇಲೆ ಧೂಳೊರೆಸಿದ ಮಾತ್ರಕ್ಕೆ ಒಳಗಿನ ಸವೆತ ಹೋಗದು. ಅಂಗಡಿಯಲ್ಲೇ ಅರ್ಧ ಗಂಟೆ ಪೂರ್ಣ ಭಾರ ಹಾಕಿ, ತೆರೆಯಲ್ಲಿ ಚುಕ್ಕೆ, ಗೆರೆ ಮೂಡುತ್ತವೆಯೇ, ಫ್ಯಾನು ಸದ್ದು ಮಾಡುತ್ತದೆಯೇ ಎಂದು ನೋಡಿಯೇ ಹಣ ಕೊಡಬೇಕು. ಹೊಸದಕ್ಕೆ ಶೇ 18ರ ಜಿ.ಎಸ್.ಟಿ. ತೆರಬೇಕಾದರೂ ಬಿಲ್ಲಿನೊಂದಿಗೆ ವಾರಂಟಿ ಬರುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ಜಿ.ಎಸ್.ಟಿ. ನೋಂದಣಿ ಮಾಡಿಸಿರುವ ಸ್ಟುಡಿಯೊಗಳು ಆ ತೆರಿಗೆಯನ್ನು ಹೂಡುವಳಿ ತೆರಿಗೆಯ ಜಮೆಯಾಗಿ ಪಡೆಯಬಹುದು. ಬಿಲ್ಲಿಲ್ಲದ ಹಳೆಯ ಕಾರ್ಡಿಗೆ ಈ ಎರಡೂ ಇಲ್ಲ.