ಕ್ರಿಕೆಟ್ಟಿಗೂ ಪಾರಿಜಾತಕ್ಕೂ ಒಂದೇ ತಂತಿ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಯ ಓಣಿಗಳಲ್ಲಿ ಕೇಬಲ್ ಟಿವಿಯ ಜಾಗಕ್ಕೆ ಈಗ ಫೈಬರ್ ಬಂದಿದೆ. ನೋಡುವವರಿಗೆ ಎರಡೂ ಟಿವಿಯೇ. ತಂತಿಯೊಳಗಿನ ಲೆಕ್ಕ ಮಾತ್ರ ಪೂರ್ತಿ ಬೇರೆ. ಕೇಬಲ್ಲಿನಲ್ಲಿ ಒಂದು ಚಾನೆಲ್ಲಿನ ಒಂದೇ ಸಂಕೇತ ಊರಿಗೆಲ್ಲ ಹರಿಯುತ್ತಿತ್ತು. ನೂರು ಮನೆ ನೋಡಲಿ, ಸಾವಿರ ಮನೆ ನೋಡಲಿ, ಹೊರೆ ಅಷ್ಟೇ. ಇಂಟರ್ನೆಟ್ ಮೂಲಕ ನೋಡುವ ಒಟಿಟಿಯಲ್ಲಿ ಒಂದೇ ಪಂದ್ಯವನ್ನು ನೂರು ಮನೆಯವರು ನೋಡಿದರೆ ನೂರು ಪ್ರತಿಗಳು ಹರಿಯಬೇಕು. 2023ರ ನವೆಂಬರ್ 19ರ ಕ್ರಿಕೆಟ್ ವಿಶ್ವಕಪ್ ಫೈನಲ್ಲನ್ನು ಹಾಟ್‌ಸ್ಟಾರಿನಲ್ಲಿ ಏಕಕಾಲಕ್ಕೆ 5.9 ಕೋಟಿ ಜನ ನೋಡಿದರು. ತಲಾ 2 ಮೆಗಾಬಿಟ್ ಎಂದು ಹಿಡಿದರೂ ಸೆಕೆಂಡಿಗೆ 118 ಟೆರಾಬಿಟ್ ಆಯಿತು!

ಇಷ್ಟೊಂದು ಹೊರೆ ಎಲ್ಲಿ ಸಿಕ್ಕಿಕೊಳ್ಳುತ್ತದೆ? ನಮ್ಮ ಓಣಿಯಲ್ಲಂತೂ ಅಲ್ಲ. ಮನೆಗಳಿಗೆ ಬರುವ ಜಿಪಾನ್ ಎಂಬ ಬಗೆಯ ಫೈಬರ್ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಸಾಗಿಸುತ್ತದೆ. ಅದನ್ನು 64 ಮನೆಗಳಿಗೆ ಹಂಚಿದ್ದಾರೆ ಎನ್ನಿ. ಎಲ್ಲರೂ ಒಟ್ಟಿಗೇ 5 ಮೆಗಾಬಿಟ್‌ನ ಎಚ್‌ಡಿ ಚಿತ್ರ ನೋಡಿದರೂ ಬೇಕಾಗುವುದು 320 ಮೆಗಾಬಿಟ್ ಮಾತ್ರ. ಇಕ್ಕಟ್ಟು ಇರುವುದು ಊರಿನಿಂದ ಬೆಳಗಾವಿಗೆ, ಅಲ್ಲಿಂದ ಬೆಂಗಳೂರು, ಮುಂಬೈಗೆ ಹೋಗುವ ದೊಡ್ಡ ದಾರಿಯಲ್ಲಿ. ಅಲ್ಲಿನ ಸಾಮರ್ಥ್ಯವನ್ನು ಸೇವಾದಾರರು ಕೊಳ್ಳುವುದು ರಾತ್ರಿ ಒಂಬತ್ತರ ದಟ್ಟಣೆಯನ್ನು ನೋಡಿ. ಬೆಳಗಿನ ಜಾವ ಅದರ ಬಹುಪಾಲು ಖಾಲಿ ಇರುತ್ತದೆ. ನೀವು ತಿಂಗಳಿಗೆ ಎಷ್ಟು ಜಿಬಿ ನೋಡಿದಿರಿ ಎನ್ನುವುದಕ್ಕಿಂತ ಯಾವ ಹೊತ್ತಿನಲ್ಲಿ ನೋಡಿದಿರಿ ಎನ್ನುವುದೇ ಅವರ ಖರ್ಚನ್ನು ತೀರ್ಮಾನಿಸುತ್ತದೆ.

ಆ ದಾರಿ ತುಂಬಿತೆಂದರೆ ಪರದೆಯ ಮೇಲೆ ಗೊತ್ತಾಗುತ್ತದೆ. ಬೌಲರ್ ಓಡಿ ಬರುತ್ತಿದ್ದಂತೆ ಮೈದಾನದ ಹುಲ್ಲೆಲ್ಲ ಕಲಸಿ ಒಂದೇ ಹಸಿರು ಪಟ್ಟಿಯಾಗುತ್ತದೆ, ಅಂಗಿಯ ಮೇಲಿನ ಹೆಸರು ಅಳಿಸಿದಂತಾಗುತ್ತದೆ. ವಿಡಿಯೊವನ್ನು ಕೆಲವೇ ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಹಲವು ಗುಣಮಟ್ಟಗಳಲ್ಲಿ ಇಟ್ಟಿರುತ್ತಾರೆ. ವೇಗ ಕುಸಿದದ್ದನ್ನು ಕಂಡ ಆ್ಯಪ್ ಮುಂದಿನ ತುಣುಕನ್ನು ಕೆಳಗಿನ ಗುಣಮಟ್ಟದಲ್ಲಿ ಕೇಳಿ ತರಿಸಿಕೊಳ್ಳುತ್ತದೆ.

2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಶುರುವಾದಾಗ, ದೊಡ್ಡ ವಿಡಿಯೊ ಕಂಪನಿಗಳೆಲ್ಲ ಸೇರಿ ಮೊಬೈಲ್ ಜಾಲದಲ್ಲಿ 480ಪಿ ಗುಣಮಟ್ಟ ದಾಟುವುದಿಲ್ಲ ಎಂದು ಒಪ್ಪಿದ್ದವು. ಒಬ್ಬರ ವಿಡಿಯೊ ತಡೆದು ಇನ್ನೊಬ್ಬರದನ್ನು ಬಿಡದೆಯೂ ಹೊರೆ ಇಳಿಸಬಹುದು ಎಂಬುದನ್ನು ಅಂದು ಕಂಡೆವು.

ನೆಟ್ ನ್ಯೂಟ್ರಾಲಿಟಿ, ಅಂದರೆ ಜಾಲದ ತಟಸ್ಥತೆ, ಕೇಳುವುದು ಅಷ್ಟನ್ನೇ: ಯಾರ ಡೇಟಾಗೂ ಭೇದ ಬೇಡ. ವಿದ್ಯುತ್ತಿನೊಡನೆ ಹೋಲಿಸಿ ನೋಡಿ. ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಿದೆ. ಸಗಟಾಗಿ ವಿದ್ಯುತ್ ಕೊಂಡು ಮನೆಮನೆಗೆ ಹಂಚುತ್ತದೆ. ಇಂಟರ್ನೆಟ್ ಸೇವಾದಾರರ ಕೆಲಸವೂ ಅಂಥದ್ದೇ. ಆದರೆ ವಿದ್ಯುತ್ತಿನಲ್ಲಿ ಮನೆಗೊಂದು ದರ, ಪಂಪ್‌ಸೆಟ್ಟಿಗೊಂದು ದರ, ಕಾರ್ಖಾನೆಗೊಂದು ದರ. ಡೇಟಾದಲ್ಲಿ ಏನು ನೋಡುತ್ತೀರಿ ಎಂಬುದರ ಮೇಲೆ ಹಾಗೆ ದರ ಬದಲಿಸುವಂತಿಲ್ಲ. ಈ ಸಮಾನತೆಗಾಗಿ 2015ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. 2016ರ ಫೆಬ್ರುವರಿ 8ರಂದು ದರಭೇದ ಕೂಡದೆಂಬ ನಿಯಮ ಬಂತು, ಫೇಸ್‌ಬುಕ್ಕಿನ ಕೆಲವೇ ತಾಣಗಳನ್ನು ಪುಕ್ಕಟೆ ತೋರಿಸುವ ಫ್ರೀ ಬೇಸಿಕ್ಸ್ ಇಲ್ಲಿ ನಿಂತಿತು. ತಡೆಯುವುದು, ನಿಧಾನಗೊಳಿಸುವುದು ಕೂಡದು ಎಂಬ ಟ್ರಾಯ್ ಶಿಫಾರಸನ್ನು 2018ರ ಜುಲೈನಲ್ಲಿ ಸರ್ಕಾರ ಒಪ್ಪಿತು.

2023ರಿಂದ ದೂರಸಂಪರ್ಕ ಕಂಪನಿಗಳದು ಹೊಸ ಬೇಡಿಕೆ: ಹೆಚ್ಚು ವಿಡಿಯೊ ಹರಿಸುವವರು ಜಾಲದ ಖರ್ಚಿನಲ್ಲಿ ಪಾಲು ಕೊಡಲಿ. ಇದನ್ನು ನಾನು ಒಪ್ಪುವುದಿಲ್ಲ. ಡೇಟಾ ತರಿಸಿಕೊಳ್ಳುವವರು ನಾವು. ಅದಕ್ಕೆ ದುಡ್ಡು ಆಗಲೇ ಕೊಟ್ಟಿದ್ದೇವೆ. ಜಾಲದ ಶುಲ್ಕ ವಸೂಲಿ ಮಾಡುವ ದಕ್ಷಿಣ ಕೊರಿಯಾದಿಂದ ಟ್ವಿಚ್ ಎಂಬ ನೇರಪ್ರಸಾರದ ತಾಣ 2024ರ ಫೆಬ್ರುವರಿಯಲ್ಲಿ ಕಾಲ್ತೆಗೆಯಿತು. ಶುಲ್ಕ ತಾಳಿಕೊಳ್ಳಲಾಗದು ಎಂಬುದೇ ಅದು ಕೊಟ್ಟ ಕಾರಣ. ಅಮೆಜಾನಿನ ಒಡೆತನದ ಸಂಸ್ಥೆಗೇ ಕೈಲಾಗದ ಮೇಲೆ, ಶ್ರೀಕೃಷ್ಣ ಪಾರಿಜಾತ ಬಯಲಾಟಕ್ಕೆ ರೂಪ ಕೊಟ್ಟ ತಮ್ಮಣ್ಣನ ಕುಲಗೋಡದ ಕಡೆಯ ಮೇಳವೊಂದು ರಾತ್ರಿಯಿಡೀ ಆಟವನ್ನು ನೇರಪ್ರಸಾರ ಮಾಡಹೊರಟರೆ ಅದನ್ನು ತೋರಿಸುವ ಸಣ್ಣ ಕನ್ನಡ ಆ್ಯಪ್ ಎಲ್ಲಿಂದ ಕೊಟ್ಟೀತು?

ಖರ್ಚು ಇಳಿಸಲು ಬೇರೆ ದಾರಿ ಇದೆ. ನೆಟ್‌ಫ್ಲಿಕ್ಸ್, ಗೂಗಲ್ ತಮ್ಮ ವಿಡಿಯೊ ತುಂಬಿದ ಸರ್ವರ್‌ಗಳನ್ನು ಸೇವಾದಾರರ ಕಟ್ಟಡದಲ್ಲೇ ಇಡುತ್ತವೆ. ಸಿನಿಮಾ ಬೆಳಗಿನ ಜಾವವೇ ಬಂದು ಕೂತಿರುತ್ತದೆ. ನೇರಪ್ರಸಾರವಾದರೂ ದೂರದಿಂದ ಒಂದೇ ಪ್ರತಿ ಬಂದು, ಅಲ್ಲಿಂದ ಸಾವಿರವಾದರೆ ಸಾಕು. ಇಂಥ ಸಂಗ್ರಹ ಸರ್ವರ್‌ಗಳನ್ನು ಟ್ರಾಯ್ ತನ್ನ ಶಿಫಾರಸಿನಿಂದ ಹೊರಗಿಟ್ಟಿದ್ದರಿಂದ ಶ್ರೀಮಂತ ಕಂಪನಿಗಳಿಗೆ ಹತ್ತಿರದ ದಾರಿ ಸಿಕ್ಕಿದೆ, ಚಿಕ್ಕವರಿಗಿಲ್ಲ. ಪಂಚಾಯಿತಿಗಳಿಗೆ ಫೈಬರ್ ಎಳೆದಿರುವ ಭಾರತ್‌ನೆಟ್‌ನ ಜೊತೆಗೆ ಜಿಲ್ಲೆಗೊಂದು ಸಾರ್ವಜನಿಕ ಸಂಗ್ರಹ ಸರ್ವರ್ ಇಟ್ಟರೆ, ಪಾರಿಜಾತದ ಪ್ರತಿಯೂ ಬೆಳಗಾವಿಯಿಂದಲೇ ಮೂಡಲಗಿಗೆ ಹೊರಡಬಹುದು.