ರೇಸಿಸಂ: ಒಬ್ಬನ ಬಾಯಲ್ಲೋ, ವ್ಯವಸ್ಥೆಯ ಕೈಯಲ್ಲೋ?

ಕನ್ನಡ ಪತ್ರಿಕೆ ಓದುವವರಿಗೆ ಎರಡು ಮಾತು ಚೆನ್ನಾಗಿ ಪರಿಚಯ. ಒಂದು ‘ಜನಾಂಗೀಯ ನಿಂದನೆ’, ಇನ್ನೊಂದು ‘ವರ್ಣಭೇದ ನೀತಿ’. 2021ರ ಜನವರಿಯಲ್ಲಿ ಸಿಡ್ನಿ ಟೆಸ್ಟ್ ನಡೀತಿದ್ದಾಗ, ಬೌಂಡರಿ ಗೆರೆ ಹತ್ತಿರ ನಿಂತಿದ್ದ ಹೈದರಾಬಾದಿನ ಮೊಹಮ್ಮದ್ ಸಿರಾಜ್ ಪ್ರೇಕ್ಷಕರು ಬೈಯುತ್ತಿದ್ದಾರೆ ಅಂತ ಅಂಪೈರ್‌ಗೆ ದೂರು ಕೊಟ್ಟರು. ಆಟ ಕೆಲವು ನಿಮಿಷ ನಿಂತಿತು. ಭಾರತದ ಆಟಗಾರರಿಗೆ ನಿಂದನೆ ಆದದ್ದು ನಿಜ ಅಂತ ಆಮೇಲೆ ಕ್ರಿಕೆಟ್ ಆಸ್ಟ್ರೇಲಿಯಾ ಒಪ್ಪಿಕೊಂಡಿತು. ಇದು ಜನಾಂಗೀಯ ನಿಂದನೆ. ಆದರೆ ದಕ್ಷಿಣ ಆಫ್ರಿಕಾದಲ್ಲಿ 1948ರಿಂದ ಯಾರು ಎಲ್ಲಿ ಮನೆ ಮಾಡಬೇಕು, ಯಾರು ಯಾವ ಶಾಲೆಗೆ ಹೋಗಬೇಕು ಅಂತ ಕಾನೂನೇ ಮಾಡಿಟ್ಟರಲ್ಲ, ಅದನ್ನು ನಾವು ವರ್ಣಭೇದ ನೀತಿ ಅಂತೀವಿ.

ನಿಂದನೆ ಒಬ್ಬನ ಬಾಯಿಂದ ಬರುತ್ತದೆ, ನೀತಿ ಕಚೇರಿಯಿಂದ ಬರುತ್ತದೆ. ಇಂಗ್ಲಿಷಿನಲ್ಲಿ ಎರಡನ್ನೂ ‘ರೇಸಿಸಂ’ ಎಂಬ ಒಂದೇ ಪದದೊಳಗೆ ಹಾಕಿಬಿಡುತ್ತಾರೆ. ಹಾಗಾಗಿ ಕಾಲೇಜುಗಳಲ್ಲಿ, ಟಿವಿ ಚರ್ಚೆಗಳಲ್ಲಿ ಈ ಪದ ಬಂದಾಗಲೆಲ್ಲ ಇಬ್ಬರು ಎರಡು ಬೇರೆ ಸಂಗತಿಗಳ ಬಗ್ಗೆ ಮಾತಾಡುತ್ತಾ, ಒಂದೇ ಸಂಗತಿಯ ಬಗ್ಗೆ ಜಗಳ ಆಡ್ತಿದ್ದೇವೆ ಅಂದುಕೊಳ್ಳುತ್ತಾರೆ.

ಜಗಳ ಏನು?

ಒಂದು ಪಕ್ಷದ ಪ್ರಕಾರ ರೇಸಿಸಂ ಅಂದರೆ ಮನುಷ್ಯನ ಮನಸ್ಸಿನೊಳಗಿನ ಪೂರ್ವಗ್ರಹ. ಬಣ್ಣ, ಮುಖಚಹರೆ, ಹುಟ್ಟಿದ ನೆಲ ನೋಡಿ ಇನ್ನೊಬ್ಬನನ್ನು ಕೀಳಾಗಿ ಕಾಣುವುದು. ಹಾಗಿದ್ದರೆ ಯಾರು ಬೇಕಾದರೂ ರೇಸಿಸ್ಟ್ ಆಗಬಹುದು. ಇನ್ನೊಂದು ಪಕ್ಷ ಹೇಳುವುದು ಬೇರೆ. ಬರೀ ಪೂರ್ವಗ್ರಹ ಸಾಲದು, ಅದರ ಹಿಂದೆ ಅಧಿಕಾರ ಇರಬೇಕು. ಪೊಲೀಸ್, ಬ್ಯಾಂಕು, ಶಾಲೆ, ನ್ಯಾಯಾಲಯ ಯಾರ ಕೈಯಲ್ಲಿದೆಯೋ ಅವರ ಪೂರ್ವಗ್ರಹಕ್ಕೆ ಮಾತ್ರ ಇನ್ನೊಬ್ಬರ ಬದುಕು ಹಾಳು ಮಾಡುವ ಶಕ್ತಿ ಇರುತ್ತದೆ.

ಎರಡನೆಯ ವಾದಕ್ಕೆ ಗಟ್ಟಿ ರೂಪ ಬಂದದ್ದು ಅಮೆರಿಕದಲ್ಲಿ. 1967ರಲ್ಲಿ ಸ್ಟೋಕ್ಲಿ ಕಾರ್ಮೈಕಲ್ ಮತ್ತು ಚಾರ್ಲ್ಸ್ ಹ್ಯಾಮಿಲ್ಟನ್ ‘ಬ್ಲ್ಯಾಕ್ ಪವರ್’ ಎಂಬ ಪುಸ್ತಕ ಬರೆದರು. ಅವರು ಕೊಟ್ಟ ಉದಾಹರಣೆ ಸರಳ. 1963ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದ ಚರ್ಚಿಗೆ ಬಾಂಬ್ ಇಟ್ಟಾಗ ನಾಲ್ಕು ಕಪ್ಪು ಬಾಲಕಿಯರು ಸತ್ತರು. ಊರಿಗೆ ಊರೇ ಮರುಗಿತು. ಅದೇ ನಗರದಲ್ಲಿ ಸರಿಯಾದ ಆಹಾರ, ಮನೆ, ವೈದ್ಯ ಇಲ್ಲದೆ ಪ್ರತಿ ವರ್ಷ ನೂರಾರು ಕಪ್ಪು ಶಿಶುಗಳು ಸಾಯುತ್ತವೆ, ಅದಕ್ಕೆ ಮರುಗುವವರು ಯಾರು? ಬಾಂಬ್ ಇಟ್ಟವನಿಗೆ ಹೆಸರಿದೆ, ಎರಡನೆಯ ಸಾವುಗಳಿಗೆ ಕೊಲೆಗಾರನ ಹೆಸರಿಲ್ಲ. ಈ ಎರಡನೆಯದಕ್ಕೆ ಅವರು ಇಟ್ಟ ಹೆಸರು ‘ಸಾಂಸ್ಥಿಕ ರೇಸಿಸಂ’. 1970ರಲ್ಲಿ ಪ್ಯಾಟ್ರಿಷಿಯಾ ಬಿಡೋಲ್ ಎಂಬ ಶಿಕ್ಷಣ ತಜ್ಞೆ ಇದನ್ನೇ ಸೂತ್ರ ಮಾಡಿದರು: ಪೂರ್ವಗ್ರಹಕ್ಕೆ ಅಧಿಕಾರ ಕೂಡಿದರೆ ರೇಸಿಸಂ.

ಐವತ್ತು ವರ್ಷ ಕಳೆದ ಮೇಲೆ ಈ ಜಗಳ ನಿಘಂಟಿಗೂ ಹೋಯಿತು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ದಿನಗಳಲ್ಲಿ, ಆಗಷ್ಟೇ ಪದವಿ ಮುಗಿಸಿದ ಒಬ್ಬ ಯುವತಿ ಮೆರಿಯಂ-ವೆಬ್‌ಸ್ಟರ್ ನಿಘಂಟಿನವರಿಗೆ ಪತ್ರ ಬರೆದಳು. ನಿಮ್ಮ ಅರ್ಥದಲ್ಲಿ ವ್ಯವಸ್ಥೆಯ ಮಾತು ಸರಿಯಾಗಿ ಬಂದಿಲ್ಲ ಅನ್ನೋದು ಅವಳ ದೂರು. ಸಂಪಾದಕರು ತಿದ್ದಲು ಒಪ್ಪಿದರು. ಆದರೆ ಗಮನಿಸಿ, ಹಳೆಯ ಅರ್ಥವನ್ನು ಅವರು ಕಿತ್ತು ಹಾಕಲಿಲ್ಲ. ಮೊದಲೇ ಒಂದಿಷ್ಟು ಇದ್ದ ವ್ಯವಸ್ಥೆಯ ಅರ್ಥವನ್ನು ಸ್ಪಷ್ಟ ಮಾಡುತ್ತೇವೆ ಅಂದರು.

ಕೆಟ್ಟವರಿಲ್ಲದೆಯೂ ಕೆಡುಕು ನಡೆಯುತ್ತದೆಯೇ?

ವ್ಯವಸ್ಥೆಯ ವಾದ ಯಾಕೆ ಬೇಕಾಯಿತು ಅಂತ ತಿಳಿಯಲು ಲಂಡನ್ನಿನ ಒಂದು ಪ್ರಕರಣ ನೋಡಬೇಕು. 1993ರ ಏಪ್ರಿಲ್‌ನಲ್ಲಿ ಸ್ಟೀಫನ್ ಲಾರೆನ್ಸ್ ಎಂಬ 18 ವರ್ಷದ ಕಪ್ಪು ಹುಡುಗ ಬಸ್ಸಿಗೆ ಕಾಯುತ್ತಿದ್ದಾಗ ಬಿಳಿಯ ಯುವಕರ ಗುಂಪೊಂದು ಚಾಕುವಿನಿಂದ ಇರಿದು ಕೊಂದಿತು. ಕೊಂದವರ ದ್ವೇಷದ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ಪ್ರಶ್ನೆ ಎದ್ದದ್ದು ಪೊಲೀಸರ ಬಗ್ಗೆ. ಶಂಕಿತರ ಹೆಸರು ಬೇಗನೆ ಸಿಕ್ಕಿದ್ದರೂ ಬಂಧಿಸಲು ತಡ ಮಾಡಿದರು. ಮಗನನ್ನು ಕಳೆದುಕೊಂಡ ತಂದೆತಾಯಿಯ ಜೊತೆ ಸರಿಯಾಗಿ ನಡೆದುಕೊಳ್ಳಲಿಲ್ಲ.

ಅದಕ್ಕೂ ಮೊದಲು, 1981ರ ಬ್ರಿಕ್ಸ್‌ಟನ್ ಗಲಭೆಯ ನಂತರ ತನಿಖೆ ನಡೆಸಿದ ಲಾರ್ಡ್ ಸ್ಕಾರ್ಮನ್, ಬ್ರಿಟನ್ನಿನಲ್ಲಿ ಸಾಂಸ್ಥಿಕ ರೇಸಿಸಂ ಇಲ್ಲ ಅಂದಿದ್ದರು. 1999ರಲ್ಲಿ ಲಾರೆನ್ಸ್ ಪ್ರಕರಣದ ವರದಿ ಕೊಟ್ಟ ಸರ್ ವಿಲಿಯಂ ಮ್ಯಾಕ್‌ಫರ್ಸನ್, ಇದೆ ಅಂದರು. ಬಣ್ಣ, ಸಂಸ್ಕೃತಿ, ಮೂಲದ ಕಾರಣಕ್ಕೆ ಜನರಿಗೆ ಸಲ್ಲಬೇಕಾದ ಸೇವೆಯನ್ನು ಕೊಡುವಲ್ಲಿ ಒಂದು ಸಂಸ್ಥೆ ಒಟ್ಟಾಗಿ ಸೋತರೆ ಅದೇ ಸಾಂಸ್ಥಿಕ ರೇಸಿಸಂ ಅನ್ನೋದು ಅವರ ವಿವರಣೆಯ ಸಾರ. ಅದಕ್ಕೆ ಬೇಕಂತಲೇ ಮಾಡಿದ ದ್ವೇಷ ಬೇಕಿಲ್ಲ. ಅರಿವಿಲ್ಲದ ಪೂರ್ವಗ್ರಹ, ಅಜ್ಞಾನ, ಉದಾಸೀನ ಸಾಕು. ಅಂದರೆ ಠಾಣೆಯಲ್ಲಿರುವ ಪ್ರತಿಯೊಬ್ಬನೂ ರೇಸಿಸ್ಟ್ ಅಂತ ಅವರು ಹೇಳಲಿಲ್ಲ. ಎಲ್ಲರೂ ತಮ್ಮ ಪಾಡಿಗೆ ಕೆಲಸ ಮಾಡಿಕೊಂಡು ಹೋದರೂ ಅನ್ಯಾಯ ಆಗುತ್ತೆ ಅಂದರು. ಆ ಕೊಲೆಗೆ ಇಬ್ಬರಿಗೆ ಶಿಕ್ಷೆ ಆಗಲು 2012ರವರೆಗೆ ಕಾಯಬೇಕಾಯಿತು.

ಒಬ್ಬ ಆಟಗಾರ, ಎರಡು ಮುಖ

ಎರಡೂ ವ್ಯಾಖ್ಯಾನಗಳನ್ನು ಒಟ್ಟಿಗೆ ಒರೆಗೆ ಹಚ್ಚಿದ್ದು ಯಾರ್ಕ್‌ಷೈರ್ ಕ್ರಿಕೆಟ್ ಕ್ಲಬ್ಬಿನ ಅಜೀಮ್ ರಫೀಕ್ ಪ್ರಕರಣ. ಯಾರ್ಕ್‌ಷೈರ್‌ನಲ್ಲಿ ಹುಟ್ಟಿದವರು ಮಾತ್ರ ಆಡಬೇಕು ಅನ್ನುವ ಸಂಪ್ರದಾಯ ಆ ಕ್ಲಬ್ಬಿನಲ್ಲಿ 1992ರವರೆಗೂ ಇತ್ತು. ಅದು ಸಡಿಲವಾದ ವರ್ಷ ಆಡಲು ಹೋದವರು ನಮ್ಮ ಸಚಿನ್ ತೆಂಡೂಲ್ಕರ್. ಆ ನಿಯಮದಲ್ಲಿ ಬಣ್ಣದ ಮಾತೇ ಇರಲಿಲ್ಲ. ಪಕ್ಕದ ಲ್ಯಾಂಕಷೈರ್‌ನ ಬಿಳಿಯನಿಗೂ ಬಾಗಿಲು ಮುಚ್ಚಿತ್ತು. ಆದರೆ ಹೊರಗಿಂದ ವಲಸೆ ಬಂದ ಕುಟುಂಬಗಳಿಗೆ ಅದರ ಪೆಟ್ಟು ಇನ್ನೂ ಜೋರು.

ಕರಾಚಿಯಲ್ಲಿ ಹುಟ್ಟಿ ಬಾಲ್ಯದಲ್ಲೇ ಇಂಗ್ಲೆಂಡಿಗೆ ಬಂದ ರಫೀಕ್ ಅದೇ ಕ್ಲಬ್ಬಿಗೆ ಆಡಿದರು, 2012ರಲ್ಲಿ ನಾಯಕತ್ವವನ್ನೂ ವಹಿಸಿದರು. 2020ರಲ್ಲಿ ಕ್ಲಬ್ಬಿನೊಳಗಿನ ರೇಸಿಸಂ ಬಗ್ಗೆ ಬಾಯಿಬಿಟ್ಟರು. ಕ್ಲಬ್ಬು ಮಾಡಿಸಿದ ತನಿಖೆ 43 ಆರೋಪಗಳಲ್ಲಿ 7ನ್ನು ಎತ್ತಿಹಿಡಿಯಿತು. ಆದರೂ ಯಾರ ಮೇಲೂ ಕ್ರಮ ಇಲ್ಲ ಅಂತ 2021ರ ಅಕ್ಟೋಬರ್‌ನಲ್ಲಿ ಕ್ಲಬ್ಬು ಹೇಳಿತು. ಪಾಕಿಸ್ತಾನಿ ಮೂಲದವರಿಗೆ ಬಳಸುವ ಬೈಗುಳವನ್ನು ಗೆಳೆಯರ ತಮಾಷೆ ಅಂತ ತನಿಖೆಯವರು ಎಣಿಸಿದ್ದೂ ಹೊರಗೆ ಬಂತು. ಪ್ರಾಯೋಜಕರು ಬಿಟ್ಟು ಹೋದರು, ಅಧ್ಯಕ್ಷರು ರಾಜೀನಾಮೆ ಕೊಟ್ಟರು, ನವೆಂಬರ್‌ನಲ್ಲಿ ರಫೀಕ್ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದರು. 2023ರಲ್ಲಿ ಕ್ಲಬ್ಬಿಗೆ 4 ಲಕ್ಷ ಪೌಂಡ್ ದಂಡ ಬಿತ್ತು. ಬೈದವನು ಒಬ್ಬ, ಅದನ್ನು ತಮಾಷೆ ಅಂದು ಕಡತ ಮುಚ್ಚಿದ್ದು ವ್ಯವಸ್ಥೆ.

ಕತೆ ಇಲ್ಲಿಗೆ ಮುಗಿಯಲಿಲ್ಲ. ಸಂಸತ್ತಿನ ಸಾಕ್ಷ್ಯದ ಎರಡೇ ದಿನಕ್ಕೆ, ರಫೀಕ್ 2011ರಲ್ಲಿ ಯಹೂದ್ಯರನ್ನು ಹೀಯಾಳಿಸಿ ಕಳಿಸಿದ್ದ ಸಂದೇಶಗಳು ಬಯಲಾದವು. ಅವರು ಕೂಡಲೇ ಕ್ಷಮೆ ಕೇಳಿದರು, ನೆಪ ಹೇಳಲಿಲ್ಲ. ಈಗ ಸೂತ್ರ ಏನನ್ನುತ್ತದೆ? ‘ಅಧಿಕಾರ ಇದ್ದವನದು ಮಾತ್ರ ರೇಸಿಸಂ’ ಅಂದರೆ, ಆ ಸಂದೇಶಕ್ಕೆ ಹೆಸರೇ ಇಲ್ಲದಂತಾಗುತ್ತದೆ. ‘ರೇಸಿಸಂ ಅಂದರೆ ವ್ಯಕ್ತಿಯ ಪೂರ್ವಗ್ರಹ ಅಷ್ಟೇ’ ಅಂದರೆ, ಲೆಕ್ಕ ಒಂದಕ್ಕೊಂದು ಸಮ ಆಗಿ ಕ್ಲಬ್ಬು ಪಾರಾಗುತ್ತದೆ. ಎರಡೂ ತಪ್ಪು. ರಫೀಕ್ ಆಡಿದ ಮಾತು ಅವರಿಗಾದ ಅನ್ಯಾಯವನ್ನು ಅಳಿಸುವುದಿಲ್ಲ. ಅವರಿಗಾದ ಅನ್ಯಾಯ ಅವರ ಮಾತನ್ನು ತೊಳೆಯುವುದೂ ಇಲ್ಲ.

ನಮ್ಮ ಊರುಗಳಲ್ಲಿ

ಇದೆಲ್ಲ ದೂರದ ದೇಶದ ಮಾತು ಅಂದುಕೊಳ್ಳಬೇಡಿ. 2004ರಲ್ಲಿ ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲೈನಾಥನ್ ಪ್ರಕಟಿಸಿದ ಅಧ್ಯಯನಕ್ಕಾಗಿ ಬಾಸ್ಟನ್, ಶಿಕಾಗೊ ನಗರಗಳ ಕಂಪನಿಗಳಿಗೆ ಸುಮಾರು 5,000 ಅರ್ಜಿಗಳನ್ನು ಕಳಿಸಲಾಗಿತ್ತು. ಓದು, ಅನುಭವ ಸಮ, ಬದಲಾದದ್ದು ಹೆಸರು. ಬಿಳಿಯರ ಹೆಸರಿಗೆ ಸುಮಾರು 50% ಹೆಚ್ಚು ಕರೆ ಬಂತು. ಇದೇ ಬಗೆಯ ಪ್ರಯೋಗವನ್ನು ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ನಮ್ಮ ದೇಶದಲ್ಲಿ ಮಾಡಿ 2007ರಲ್ಲಿ ಪ್ರಕಟಿಸಿದರು. ದಲಿತ ಹೆಸರಿನ ಅರ್ಜಿಗೆ ಮೇಲ್ಜಾತಿ ಹಿಂದೂ ಹೆಸರಿಗಿಂತ ಕರೆ ಕಡಿಮೆ, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಜಾತಿ, ಧರ್ಮ, ಜನಾಂಗ ಒಂದೇ ಅಲ್ಲ, ನಿಜ. ಆದರೆ ಬಾಗಿಲು ಮುಚ್ಚುವ ರೀತಿ ಒಂದೇ. ಯಾರೂ ಬೈಯಲಿಲ್ಲ, ಫೋನ್ ಬರಲಿಲ್ಲ, ಅಷ್ಟೇ. ಮುಂಬೈಯಲ್ಲಿ, ಪುಣೆಯಲ್ಲಿ ಹೆಸರು ಹೇಳಿದ ಕೂಡಲೇ ‘ಮನೆ ಈಗಷ್ಟೇ ಹೋಯ್ತು’ ಅನ್ನುವ ಏಜೆಂಟರ ಮಾತು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಕನ್ನಡಿ ಇನ್ನೊಂದು ಕಡೆಗೂ ತಿರುಗಬೇಕು. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. ಪುಣೆ, ಚೆನ್ನೈ, ಹೈದರಾಬಾದಿನಿಂದಲೂ ಹೊರಟರು. 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ ಅವರ ರೂಪವನ್ನು ಗೇಲಿ ಮಾಡಿದ್ದು ಹೊಡೆದಾಟಕ್ಕೆ ತಿರುಗಿ ಅವರು ಪ್ರಾಣ ಬಿಟ್ಟರು. ಕೇಂದ್ರ ಸರ್ಕಾರ ಆಗ ಬೇಜ್‌ಬರುವಾ ಸಮಿತಿ ನೇಮಿಸಿತು. ಕಣ್ಣು ಮೂಗು ನೋಡಿ ‘ಚೀನಿ’ ಅನ್ನುವವರು, ಆಫ್ರಿಕಾದ ವಿದ್ಯಾರ್ಥಿಗೆ ಮನೆ ಕೊಡದವರು ನಮ್ಮ ನಡುವೆಯೂ ಇದ್ದಾರೆ. ಹೆಸರಿನ ಕಾರಣಕ್ಕೆ ಒಂದು ಊರಲ್ಲಿ ಮನೆ ಸಿಗದವನೇ ಇನ್ನೊಂದು ಊರಲ್ಲಿ ಮನೆ ಮಾಲೀಕ ಆಗಿರಬಹುದು. ಅಧಿಕಾರ ಯಾರ ಸೊತ್ತೂ ಅಲ್ಲ. ಬೀಗದ ಕೈ ಯಾರ ಕೈಯಲ್ಲಿದೆಯೋ ಆ ಬಾಗಿಲ ಮಟ್ಟಿಗೆ ಅವನೇ ಅಧಿಕಾರಿ.

ಎರಡು ಪ್ರಶ್ನೆ, ಎರಡು ಉತ್ತರ

1965ರಲ್ಲಿ ವಿಶ್ವಸಂಸ್ಥೆ ಒಪ್ಪಿದ, ಭಾರತವೂ 1968ರಲ್ಲಿ ಅನುಮೋದಿಸಿದ ಒಪ್ಪಂದದಲ್ಲಿ ಜನಾಂಗೀಯ ತಾರತಮ್ಯದ ವ್ಯಾಖ್ಯೆ ಇದೆ. ಅದರ ಪ್ರಕಾರ ಉದ್ದೇಶ ಕೆಟ್ಟದಾದರೂ ತಾರತಮ್ಯವೇ, ಉದ್ದೇಶ ಏನೇ ಇರಲಿ ಪರಿಣಾಮ ಕೆಟ್ಟದಾದರೂ ತಾರತಮ್ಯವೇ. ನಾವು ಈಗಲೂ ಒಂದನ್ನೇ ಆರಿಸಿ ಅಂತ ಕಿತ್ತಾಡುತ್ತಿರುವುದನ್ನು ಆ ಒಪ್ಪಂದ ಅಂದೇ ಜೊತೆಗೆ ಇಟ್ಟಿತ್ತು.

ಅಸಲಿಗೆ ಈ ಎರಡು ವ್ಯಾಖ್ಯಾನ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ. ‘ತಪ್ಪು ಮಾಡಿದವರು ಯಾರು?’ ಅಂತ ಕೇಳಿದರೆ ವ್ಯಕ್ತಿಯನ್ನು ನೋಡಬೇಕು. ಅಲ್ಲಿ ಬಡವ ಬಲ್ಲಿದ, ಬಹುಸಂಖ್ಯಾತ ಅಲ್ಪಸಂಖ್ಯಾತ ಅಂತ ವಿನಾಯಿತಿ ಇಲ್ಲ. ‘ತಪ್ಪು ಮತ್ತೆ ಮತ್ತೆ ಯಾಕೆ ಆಗುತ್ತಿದೆ?’ ಅಂತ ಕೇಳಿದರೆ ನಿಯಮ, ಕಚೇರಿ, ರೂಢಿ ನೋಡಬೇಕು. ಅಲ್ಲಿ ಒಬ್ಬಿಬ್ಬರನ್ನು ಅಮಾನತು ಮಾಡಿದರೆ ಸಾಲದು. ಎರಡು ಪೂರ್ವಗ್ರಹ ತೂಕದಲ್ಲಿ ಸಮ ಅಂತಲೂ ಇದರ ಅರ್ಥ ಅಲ್ಲ. ಪೊಲೀಸ್ ಅಧಿಕಾರಿಯ ಪೂರ್ವಗ್ರಹ ಒಬ್ಬನನ್ನು ಜೈಲಿಗೆ ಕಳಿಸಬಹುದು. ಬೀದಿಯ ಹುಡುಗನದು ಮನಸ್ಸು ನೋಯಿಸಬಹುದು. ಹಾನಿ ಬೇರೆ, ಹೊಣೆ ಬೇರೆ, ಆದರೆ ಎರಡೂ ಹೆಸರಿಟ್ಟು ಕರೆಯಬೇಕಾದ ತಪ್ಪುಗಳೇ.

ಹಾಗಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ಚರ್ಚೆಯಲ್ಲಿ ‘ರೇಸಿಸಂ’ ಅನ್ನುವ ಪದ ಬಂದ ಕೂಡಲೇ ವಾದಕ್ಕೆ ಇಳಿಯಬೇಡಿ. ‘ನೀವು ಹೇಳ್ತಿರೋದು ನಿಂದನೆಯ ಬಗ್ಗೆಯೋ, ನೀತಿಯ ಬಗ್ಗೆಯೋ?’ ಅಂತ ಮೊದಲು ಕೇಳಿ. ಅರ್ಧ ಜಗಳ ಅಲ್ಲೇ ಕರಗುತ್ತದೆ. ಉಳಿದ ಅರ್ಧ ನಿಜವಾದ ಜಗಳ, ಅದನ್ನು ಆಡಲೇಬೇಕು. ಯಾಕೆಂದರೆ ನೀತಿಯ ಬಗ್ಗೆ ಮಾತಾಡದ ಸಮುದಾಯಕ್ಕೆ ನ್ಯಾಯ ಸಿಗುವುದಿಲ್ಲ, ತನ್ನ ಬಾಯಿಂದ ಬರುವ ನಿಂದನೆಯ ಬಗ್ಗೆ ಮಾತಾಡದ ಸಮುದಾಯಕ್ಕೆ ನ್ಯಾಯ ಕೇಳುವಾಗ ದನಿ ಏಳುವುದಿಲ್ಲ.